ತಾಂಡಾದ ದುಡಿಮೆಗಾರನಿಗೆ ಊರಿನಲ್ಲೇಕೆ ಕೆಲಸವಿಲ್ಲ?

(ಶಿಕಾರಿಪುರದಲ್ಲಿ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸುಗ್ಗಿ ಮುಗಿದು ಕಣ ಬರಿದಾಗುವ ಹೊತ್ತಿಗೆ ನಮ್ಮ ಶಿಕಾರಿಪುರ, ಸೊರಬದ ಲಂಬಾಣಿ ತಾಂಡಾಗಳ ಮುಂದೆ ಗಾಡಿಗಳು ಬಂದು ನಿಲ್ಲುತ್ತವೆ. ಪಾತ್ರೆಯ ಗಂಟು, ಕಂಬಳಿ, ಕೋಳಿ, ಹಸುಗೂಸು ಎಲ್ಲವೂ ಒಟ್ಟಿಗೆ ಏರುತ್ತವೆ. ಮೇಸ್ತ್ರಿ ಲೆಕ್ಕ ಹಾಕಿ ಹತ್ತಿಸುತ್ತಾನೆ. ಚಿಕ್ಕಮಗಳೂರಿನ ಕಡೆಗೆ, ಕೊಡಗಿನ ಕಡೆಗೆ, ಕಾಫಿ ಹಣ್ಣು ಕೊಯ್ಯಲು. ಹಿಂದೆ ಉಳಿಯುವುದು ಬೀಗ ಹಾಕಿದ ಮನೆಗಳು, ಜಗುಲಿಯ ಮೇಲಿನ ಮುದುಕರು. ಇದಕ್ಕೆ ನಾವು ಗುಳೆ ಎಂದು ಹೆಸರಿಟ್ಟು, ಮಳೆ ಬಿಸಿಲಿನ ಹಾಗೆ ಅದೂ ಒಂದು ಋತುಧರ್ಮವೆಂದು ಸುಮ್ಮನಾಗಿದ್ದೇವೆ.

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಹಾಜರಿ ಪುಸ್ತಕವೇ ಈ ಕಥೆಯನ್ನು ಹೇಳುತ್ತಿತ್ತು. ಡಿಸೆಂಬರು ಬಂತೆಂದರೆ ಸಾಲಾಗಿ ಗೈರುಹಾಜರಿ. ಪರೀಕ್ಷೆಗೆ ಬರುವ ಹುಡುಗರ ಬೆರಳು ಕಾಫಿ ಹಣ್ಣಿನ ಅಂಟಿನಿಂದ ಕಪ್ಪಾಗಿರುತ್ತಿತ್ತು. ಒಮ್ಮೆ ತಾಂಡಾಕ್ಕೆ ಹೋಗಿ ಒಬ್ಬ ಅಜ್ಜಿಯನ್ನು ಕೇಳಿದೆವು, ಮಗುವನ್ನಾದರೂ ಇಲ್ಲಿ ಬಿಟ್ಟುಹೋಗಬಾರದೇನವ್ವಾ ಎಂದು. ಆಕೆ ಹೇಳಿದಳು: "ಬಿಟ್ಟು ಹೋದರೆ ಉಣ್ಣೋಕೆ ಇಡೋರು ಯಾರು ಮೇಷ್ಟ್ರೇ, ನೀವು ಇಡ್ತೀರಾ?" ನಾವು ಉತ್ತರ ಕೊಡಲಾರದೆ ಹಿಂದಿರುಗಿದೆವು.

ಇಲ್ಲಿಗೆ ಬರುವ ದಾರಿಯಲ್ಲಿ ಗಿರಣಿಯ ಗೆಳೆಯರೊಬ್ಬರು ನಮ್ಮನ್ನು ತಡೆದು, "ನೀವು ತಾಂಡಾದವರ ಪರ ಮಾತಾಡುತ್ತೀರಿ, ಅವರು ಬಂದರೆ ನಮ್ಮ ಕೂಲಿ ಇಳಿಯುತ್ತದೆ" ಎಂದರು. ಈ ಮಾತನ್ನು ನಾವು ಮುಚ್ಚಿಡುವುದಿಲ್ಲ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಕೂಲಿ ಇಳಿಯುತ್ತದೆ ನಿಜ. ಆದರೆ ಇಳಿಸುವವನು ಯಾರು? ಮಳೆಗಾಲದಲ್ಲಿ ಮದುವೆಗೋ ಔಷಧಿಗೋ ಮುಂಗಡ ಪಡೆದವನು ಬೇಸಿಗೆಯಲ್ಲಿ ಕೂಲಿಯ ದರ ಮಾತಾಡಲಾರ. ಅವನ ನಾಲಿಗೆಯನ್ನು ಮುಂಗಡ ಕಟ್ಟಿರುತ್ತದೆ. ಸಾಲ ತೀರುವವರೆಗೆ ಬಲವಂತವಾಗಿ ದುಡಿಸುವುದು 1976ರ ಜೀತಪದ್ಧತಿ ರದ್ದತಿ ಕಾಯಿದೆಯ ಪ್ರಕಾರ ಅಪರಾಧ. ಅಂಥ ಸಾಲವೇ ರದ್ದು. ಈ ಸಂಗತಿ ಎಷ್ಟು ತಾಂಡಾಗಳಿಗೆ ತಲುಪಿದೆ? ಈಗ ಕಾಫಿ ತೋಟಗಳಿಗೆ ಅಸ್ಸಾಮಿನಿಂದಲೂ ಆಳುಗಳು ಬರುತ್ತಿದ್ದಾರೆ. ನಿನ್ನೆ ಲಂಬಾಣಿಯನ್ನು ತೋರಿಸಿ ನಿಮ್ಮನ್ನು ಹೆದರಿಸಿದವರು ಇಂದು ಅಸ್ಸಾಮಿನವನನ್ನು ತೋರಿಸಿ ಲಂಬಾಣಿಯನ್ನು ಹೆದರಿಸುತ್ತಾರೆ.

ವ್ಯಾಪಾರಿ ಮಿತ್ರರಿಗೂ ಒಂದು ಮಾತು. ಈ ಜನ ಒಂದು ಕಾಲಕ್ಕೆ ನಿಮ್ಮದೇ ಕಸುಬಿನವರು. ಎತ್ತಿನ ಹೇರಿನ ಮೇಲೆ ದಂಡಿಗೆ ದವಸ, ಊರೂರಿಗೆ ಉಪ್ಪು ಸಾಗಿಸುತ್ತಿದ್ದವರು. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ನಮ್ಮ ಮಗ್ಗುಲಲ್ಲೇ, ಇಂದಿನ ನ್ಯಾಮತಿ ತಾಲ್ಲೂಕಿನಲ್ಲಿದೆ. 19ನೇ ಶತಮಾನದಲ್ಲಿ ರೈಲು ಬಂತು, ಉಪ್ಪು ಬ್ರಿಟಿಷ್ ಸರ್ಕಾರದ ಮುಷ್ಟಿಗೆ ಹೋಯಿತು, ಹೇರೆತ್ತಿನ ವ್ಯಾಪಾರ ಮುರಿದುಬಿತ್ತು. ಕಸುಬು ಕಳೆದುಕೊಂಡವರಿಗೆ ಬದಲಿ ಕಸುಬನ್ನು ಅಂದಿನ ಸರ್ಕಾರ ಕೊಡಲಿಲ್ಲ, ಅನಂತರದವೂ ಕೊಡಲಿಲ್ಲ.

ಕೊಡುವುದು ಅಸಾಧ್ಯವೆಂದು ಯಾರೂ ಹೇಳಬೇಡಿ. ಸೊರಬದಿಂದ ಬನವಾಸಿಯ ದಾರಿ ಹಿಡಿದು ಉತ್ತರಕ್ಕೆ ಹೋದರೆ ಮುಂಡಗೋಡ ಸಿಗುತ್ತದೆ. 1966ರಿಂದ ಅಲ್ಲಿ ಟಿಬೆಟಿನ ನಿರಾಶ್ರಿತರಿದ್ದಾರೆ. ಅದಕ್ಕೂ ಮುಂಚೆ, 1960ರಲ್ಲಿ, ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಅವರಿಗೆ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಬಂದ ಹೊಸತರಲ್ಲಿ ಅವರೇ ದಿನಗೂಲಿಯ ಮೇಲೆ ಕಾಡು ಕಡಿದರು. ಅನಂತರ ಸಹಕಾರ ಸಂಘ ಕಟ್ಟಿಕೊಂಡರು. ಮೆಕ್ಕೆಜೋಳ ಬೆಳೆದರು, ಟ್ರಾಕ್ಟರು ಇಟ್ಟರು, ರತ್ನಗಂಬಳಿ ನೇಯ್ದರು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರು ಮಾರಿದರು. ಅವರೂ ಋತುವಿಗೆ ತಕ್ಕಂತೆ ಊರು ಬಿಡುವವರೇ. ಆದರೆ ಮೇಸ್ತ್ರಿಯ ಗಾಡಿಯಲ್ಲಿ ಅಲ್ಲ, ತಮ್ಮ ಸರಕಿನೊಡನೆ. ಈ ವ್ಯತ್ಯಾಸ ದೊಡ್ಡದು.

ಇನ್ನೊಂದು ನಿದರ್ಶನ: 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಸಿಂಹಳದಿಂದ ಬಂದ ತಮಿಳು ಕೂಲಿಗಾರರಿಗೆ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರು ತೋಟಗಳಲ್ಲಿ ಕೆಲಸವನ್ನೂ ವಾಸಕ್ಕೆ ಮನೆಯನ್ನೂ ಕೊಟ್ಟರು. ಆ ಮನೆ ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಸೂರೂ ಹೋಗುವ ಭಯ ಅಲ್ಲಿದೆ. ಆದರೂ ಕೆಲಸ ಸಿಕ್ಕಿತು. ಪರದೇಶದಿಂದ ಬಂದವರಿಗೆ ಕೊಟ್ಟದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಕೊಟ್ಟದ್ದು ಸರಿ. ಅದೇ 1964ರಲ್ಲಿ ಲಿಂಗನಮಕ್ಕಿ ಕಟ್ಟೆಯ ನೀರಿಗೆ ಮನೆಮಠ ಬಿಟ್ಟುಕೊಟ್ಟ ಶರಾವತಿಯ ಕುಟುಂಬಗಳು ಮಾತ್ರ ಇನ್ನೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿವೆ. ನಾಡಿಗೆಲ್ಲ ದೀಪ ಹಚ್ಚಿದವರ ಗತಿ ಇದು.

ಕಾನೂನಿನ ಚೋದ್ಯವನ್ನೂ ಕೇಳಿ. 1979ರ ಅಂತರರಾಜ್ಯ ವಲಸೆ ಕೆಲಸಗಾರರ ಕಾಯಿದೆ ಮೇಸ್ತ್ರಿಗೆ ಪರವಾನಗಿ, ಕೂಲಿಗಾರನಿಗೆ ಪಾಸ್ ಪುಸ್ತಕ, ಪ್ರಯಾಣ ಭತ್ಯೆ ಎಲ್ಲವನ್ನೂ ಹೇಳಿತು. ಆದರೆ ರಾಜ್ಯದ ಗಡಿ ದಾಟಿದವನಿಗೆ ಮಾತ್ರ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ವಲಸೆಗಾರನೆಂದರೆ ಅಂತರರಾಜ್ಯ ವಲಸೆಗಾರನೇ. ಶಿಕಾರಿಪುರದಿಂದ ಮೂಡಿಗೆರೆಗೆ ಹೋದವನು ಕಾನೂನಿನ ಕಣ್ಣಿಗೆ ಮನೆಯಲ್ಲೇ ಕುಳಿತಿದ್ದಾನೆ!

ಇನ್ನು ಮೀಸಲಾತಿ. 2023ರ ಮಾರ್ಚ್ 27ರಂದು ಒಳಮೀಸಲಾತಿಯ ವಿಷಯಕ್ಕೆ ಇದೇ ಪೇಟೆಯಲ್ಲಿ ಕಲ್ಲು ಬಿದ್ದದ್ದನ್ನೂ ಲಾಠಿ ಬೀಸಿದ್ದನ್ನೂ ನೀವು ಕಣ್ಣಾರೆ ಕಂಡಿದ್ದೀರಿ. ಅಂದು ಲಂಬಾಣಿ, ಭೋವಿ, ಕೊರಮ, ಕೊರಚರಿಗೆ ಶೇಕಡ 4.5 ಎಂದಿದ್ದರು. 2025ರ ಆಗಸ್ಟಿನಲ್ಲಿ ಇನ್ನೊಂದು ಸಚಿವ ಸಂಪುಟ ಅಲೆಮಾರಿಗಳನ್ನೂ ಸೇರಿಸಿ ಶೇಕಡ 5 ಎಂದಿತು. ಪಾಲು ನ್ಯಾಯವಾಗಿರಬೇಕು, ನಮಗಿಂತ ಕೆಳಗಿರುವವನ ಪಾಲನ್ನೂ ನಾವು ಕಸಿಯಕೂಡದು. ಆದರೆ ಓದು ಎಂಟನೆಯ ತರಗತಿಗೆ ನಿಂತ ಹುಡುಗನಿಗೆ ಆ ಶೇಕಡದಲ್ಲಿ ಯಾವ ಕುರ್ಚಿಯಿದೆ? ಸರ್ಕಾರಿ ಹುದ್ದೆಗಾಗಿ ಬೀದಿಗಿಳಿಯುವ ಮುಖಂಡರು ಲೈನು ಮನೆಗಳ ಕೂಲಿಗಾಗಿ ಬೀದಿಗಿಳಿದದ್ದನ್ನು ನಾವಂತೂ ಕಂಡಿಲ್ಲ.

ನಾವು ಕೇಳುತ್ತಿರುವುದು ಆಕಾಶವನ್ನಲ್ಲ. ಗುಳೆ ಹೋಗುವ ಪ್ರತಿ ಕುಟುಂಬದ ಹೆಸರು, ಮೇಸ್ತ್ರಿಯ ಹೆಸರು, ಪಡೆದ ಮುಂಗಡ ಗ್ರಾಮ ಪಂಚಾಯಿತಿಯ ಪುಸ್ತಕದಲ್ಲಿ ದಾಖಲಾಗಲಿ. ಮಕ್ಕಳಿಗೆ ಆ ನಾಲ್ಕು ತಿಂಗಳು ಊರಿನಲ್ಲೇ ವಸತಿ, ಊಟ ಸಿಗಲಿ. ಅಜ್ಜಿಯ ಪ್ರಶ್ನೆಗೆ ಉತ್ತರ ಅದೊಂದೇ. ಕೂಲಿಗಾರರ ಸಹಕಾರ ಸಂಘವೇ ತೋಟದವರೊಡನೆ ನೇರವಾಗಿ ದರ ಮಾತಾಡಲಿ, ಮುಂಗಡವನ್ನೂ ಅದೇ ಕೊಡಲಿ. ಉದ್ಯೋಗ ಖಾತರಿಯ ಹಳೆಯ ಕಾಯಿದೆಯ ನೂರು ದಿನವೇ ಆಗಲಿ, 2025ರ ಡಿಸೆಂಬರಿನ ಹೊಸ ಕಾಯಿದೆಯ 125 ದಿನವೇ ಆಗಲಿ, ಕೆಲಸ ತೆರೆಯಬೇಕಾದದ್ದು ಸುಗ್ಗಿ ಮುಗಿದ ಮರುದಿನ, ಗಾಡಿ ಬರುವುದಕ್ಕೆ ಮೊದಲು. ಸಂಡೂರಿನಲ್ಲಿ ಲಂಬಾಣಿ ಹೆಂಗಸರ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದರಿಂದ ದುಡಿಮೆಯೂ ಸಿಕ್ಕಿದೆ. ನಮ್ಮ ತಾಂಡಾದ ಹೆಂಗಸರ ಕೈಯಲ್ಲಿ ಸೂಜಿ ಇಲ್ಲವೇ?

ವ್ಯಾಪಾರಿಗಳೇ, ತಾಂಡಾ ಖಾಲಿಯಾದ ತಿಂಗಳುಗಳಲ್ಲಿ ನಿಮ್ಮ ಗಲ್ಲಾಪೆಟ್ಟಿಗೆ ಏನು ಹೇಳುತ್ತದೆಂಬುದನ್ನು ನಾವು ಹೇಳಬೇಕಾಗಿಲ್ಲ. ಆ ಕೂಲಿಯ ಹಣ ಖರ್ಚಾಗುವುದು ಎಸ್ಟೇಟಿನ ಪಕ್ಕದ ಅಂಗಡಿಯಲ್ಲಿ, ನಿಮಗೆ ಉಳಿಯುವುದು ಉದ್ರಿಯ ಪುಸ್ತಕ.

ಬರುವ ಸಂತೆಯ ದಿನದಿಂದ ನಮ್ಮ ಕಚೇರಿಯಲ್ಲಿ ಒಂದು ಪುಸ್ತಕ ತೆರೆದಿಡುತ್ತೇವೆ. ಪಂಚಾಯಿತಿ ಬರೆಯುವವರೆಗೆ ನಾವೇ ಬರೆಯುತ್ತೇವೆ. ಗಿರಣಿಯ ಗೆಳೆಯರಲ್ಲಿ ಓದುಬರಹ ಬಲ್ಲ ನಾಲ್ವರು ಸಂಜೆ ಬಂದು ಕುಳಿತರೆ ಸಾಕು. ಯಾರು ಬರುತ್ತೀರೆಂದು ಈಗಲೇ ಹೆಸರು ಹೇಳಿ.