ಕರಗಿದ್ದು ಕಾಣೆಯಾಗುವುದಿಲ್ಲ

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ಸಭೆಯಲ್ಲಿ ಹಿಂದಿನದನ್ನು ಕೊಂಡಾಡುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರು ಇಲ್ಲಿದ್ದಾರೆ. ನಾನು ವಿಜ್ಞಾನ ಪ್ರಯೋಗಾಲಯದ ವಿಷಯವನ್ನು ಎತ್ತಿಕೊಳ್ಳುತ್ತೇನೆ. ಆಮ್ಲ, ಕ್ಷಾರಗಳ ಪ್ರಯೋಗಗಳನ್ನು ನಿಲ್ಲಿಸಿ, ಅವುಗಳನ್ನು ಪರದೆಯ ಮೇಲೆ ತೋರಿಸಿದರೆ ಸಾಲದೇ ಎಂದು ಕೆಲವು ಪೋಷಕರು ಕೇಳಿದ್ದಾರೆ. ಮಕ್ಕಳ ಮೇಲಿನ ಕಾಳಜಿಯಿಂದ ಹುಟ್ಟಿದ ಪ್ರಶ್ನೆ ಅದು. ಸಾಲದು ಎಂಬುದೇ ನನ್ನ ಉತ್ತರ. ಏಕೆಂಬುದನ್ನು ವಿವರಿಸುವ ಹೊಣೆಯೂ ನನ್ನದೇ.

ಅವಿನಾಶಿ, ತಿರುಪ್ಪೂರು ಸೀಮೆಯಲ್ಲಿ ರಾಸಾಯನಿಕಗಳು ಶಾಲೆಯ ಕಪಾಟಿನಲ್ಲಿ ಮಾತ್ರ ಇರುವುದಿಲ್ಲ. ಕಾಸ್ಟಿಕ್ ಸೋಡ, ಹೈಡ್ರೋಜನ್ ಪೆರಾಕ್ಸೈಡ್, ಅಸಿಟಿಕ್ ಆಮ್ಲ, ಹೈಡ್ರೋಸ್ ಇವೆಲ್ಲ ನಮ್ಮ ಅನೇಕ ಮಕ್ಕಳ ತಂದೆತಾಯಿಯರು ಬಣ್ಣದ ಮನೆಗಳಲ್ಲಿ ದಿನವೂ ಬಳಸುವ ವಸ್ತುಗಳು. ಹೈಡ್ರೋಸನ್ನೇ ನೋಡಿ. ನೋಟಕ್ಕೆ ಸಾಧುವಾದ ಬಿಳಿಯ ಪುಡಿ. ತೇವ ತಾಗಿದರೆ ತಾನಾಗಿಯೇ ಬಿಸಿಯಾಗುತ್ತದೆ, ಹೊತ್ತಿಕೊಳ್ಳಲೂಬಹುದು. ಉಸಿರುಗಟ್ಟಿಸುವ ಸಲ್ಫರ್ ಡೈಆಕ್ಸೈಡನ್ನು ಹೊರಬಿಡುತ್ತದೆ. ಔಷಧದಂಗಡಿಯ ಪೆರಾಕ್ಸೈಡು ಸಾಮಾನ್ಯವಾಗಿ 3ರಿಂದ 6 ಪ್ರತಿಶತದ್ದು. ಬಟ್ಟೆ ಬಿಳುಪು ಮಾಡಲು ಬರುವುದು 50 ಪ್ರತಿಶತದ್ದು. ಎರಡೂ ನೀರಿನಂತೆಯೇ ಕಾಣುತ್ತವೆ. ವಸ್ತುವಿನ ಗುಣವನ್ನು ಕಣ್ಣಳತೆಯಿಂದ ತಿಳಿಯಲಾಗದು ಎಂಬ ಪಾಠವನ್ನು ಮಗು ಎಲ್ಲಿಯಾದರೂ ಕಲಿಯಲೇಬೇಕು. ಅದನ್ನು ಶಿಕ್ಷಕರ ಎದುರಿನಲ್ಲಿ, ಒಂದು ಹನಿ ದುರ್ಬಲ ಆಮ್ಲದಿಂದ ಕಲಿಯುವುದು ಮೇಲಲ್ಲವೇ?

ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು ಎಂಬುದನ್ನು ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಕಾರಣವನ್ನು ತಿಳಿದವರು ಕಡಿಮೆ. ಸಾಂದ್ರ ಗಂಧಕಾಮ್ಲದ ಸಾಂದ್ರತೆ ನೀರಿನ ಸುಮಾರು 1.84 ಪಟ್ಟು. ಅದರ ಮೇಲೆ ನೀರು ಸುರಿದರೆ ನೀರು ಮೇಲೆಯೇ ನಿಂತು, ಎರಡೂ ಕೂಡುವೆಡೆಯಲ್ಲಿ ಹುಟ್ಟುವ ಶಾಖದಿಂದ ಕುದಿದು, ಆಮ್ಲವನ್ನೂ ಹೊತ್ತು ಮುಖಕ್ಕೆ ಚಿಮ್ಮುತ್ತದೆ. ಕಾರಣ ತಿಳಿದ ಮಗುವಿಗೆ ನಿಯಮ ಮರೆಯುವುದಿಲ್ಲ. ಹಾಗೆಯೇ ಬ್ಲೀಚಿಂಗ್ ಪುಡಿಯೊಡನೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲದ ಮಟ್ಟದಲ್ಲಿಯೇ ತಂಗುತ್ತದೆ. ಬಚ್ಚಲು ತೊಳೆಯುವಾಗ ಇವೆರಡನ್ನೂ ಒಟ್ಟಿಗೆ ಬಳಸುವ ತಾಯಂದಿರು ದಯವಿಟ್ಟು ಇದನ್ನು ನೆನಪಿಡಿ. ಪಕ್ಕದಲ್ಲಿ ಕುಳಿತ ಕೂಸಿನ ಮೂಗು ನಿಮ್ಮ ಮೂಗಿಗಿಂತ ತಗ್ಗಿನಲ್ಲಿರುತ್ತದೆ.

ಇನ್ನು ನಮ್ಮ ಮಕ್ಕಳಿಗೇ ವಿಶೇಷವಾದ ಒಂದು ತೊಡಕಿದೆ. ಪುಸ್ತಕದಲ್ಲಿ ಅವರು ಓದುವುದು ಕ್ಷಾರ. ಬೀದಿಯಲ್ಲಿ ಕೇಳುವುದು ತಮಿಳಿನ ಕಾರಂ. ಆ ಭಾಷೆಯಲ್ಲಿ ಮೆಣಸಿನಕಾಯಿಯ ಖಾರಕ್ಕೂ ಅದೇ ಪದ. ಡಬ್ಬಿಯ ಮೇಲಿರುವುದು ಇಂಗ್ಲಿಷ್. ಮೂರೂ ಒಂದೇ ವಸ್ತುವನ್ನು ಹೇಳುತ್ತಿವೆ ಎಂದು ತಿಳಿಯದ ಮಗು ಕನ್ನಡದಲ್ಲಿ ನೂರಕ್ಕೆ ನೂರು ಅಂಕ ಪಡೆದೂ ಅಪಾಯದಲ್ಲಿರುತ್ತದೆ. ಆದುದರಿಂದ ನಮ್ಮ ಕಪಾಟಿನ ಪ್ರತಿ ಸೀಸೆಗೂ ಮೂರು ಭಾಷೆಗಳ ಚೀಟಿ ಅಂಟಿಸಿದ್ದೇವೆ. ಕನ್ನಡ ಮಾಧ್ಯಮದ ಘನತೆಗೆ ಇದರಿಂದ ಕುಂದಿಲ್ಲ. ಹೆಸರು ಕನ್ನಡದಲ್ಲಿ ಅರ್ಥವಾದ ಮೇಲೆಯೇ ಉಳಿದೆರಡು ನಿಲ್ಲುತ್ತವೆ.

ಪ್ರಯೋಗ ಮುಗಿದ ಮೇಲೆ ಉಳಿದ ದ್ರವವನ್ನು ಏನು ಮಾಡಬೇಕು? ಮೋರಿಗೆ ಸುರಿದರೆ ಮುಗಿಯಿತು ಎನ್ನುವುದು ಹಳೆಯ ರೂಢಿ. ಆ ರೂಢಿಯ ಫಲವನ್ನು ನೊಯ್ಯಲ್ ನದಿಯೇ ತೋರಿಸಿದೆ. ನೂಲಿಗೆ ಬಣ್ಣ ಹಿಡಿಯಲು ಬಳಸಿದ ಉಪ್ಪು ನೀರಿನಲ್ಲಿ ಕರಗಿತು, ಆದರೆ ಕಾಣೆಯಾಗಲಿಲ್ಲ; ಹರಿದು ಹೋಗಿ ಒರತ್ತುಪ್ಪಾಳಯಂ ಅಣೆಕಟ್ಟಿನ ಹಿಂದೆ ನಿಂತಿತು, ಕೆಳಗಿನ ರೈತರ ಬಾವಿಗಳಿಗೂ ಇಳಿಯಿತು. ಕೊನೆಗೆ 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಈ ಸಭೆಯಲ್ಲಿ ಆ ದಿನಗಳಲ್ಲಿ ಕೂಲಿ ಕಳೆದುಕೊಂಡವರೂ ಇರಬಹುದು, ಹೊಲ ಕಳೆದುಕೊಂಡವರ ಬಂಧುಗಳೂ ಇರಬಹುದು. ನಾನು ಯಾರ ಪರವಾಗಿಯೂ ವಾದಿಸುತ್ತಿಲ್ಲ. ದ್ರವ್ಯ ನಾಶವಾಗದು ಎಂದು ಎಂಟನೆಯ ತರಗತಿಯಲ್ಲಿ ಕಲಿಸುವ ನಾವು, ನಮ್ಮ ತೊಟ್ಟಿಯಲ್ಲಿಯೇ ಅದನ್ನು ಮರೆಯಬಾರದಷ್ಟೆ. ಈಗ ಆಮ್ಲದ ಉಳಿಕೆಗೂ ತಾಮ್ರದ ಲವಣಗಳ ಉಳಿಕೆಗೂ ಬೇರೆ ಬೇರೆ ಪಾತ್ರೆಗಳಿವೆ. ಪಾದರಸದ ಥರ್ಮಾಮೀಟರುಗಳನ್ನು ಕೈಬಿಟ್ಟಿದ್ದೇವೆ; ಕೊಡೈಕನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಏಕೆ ಮುಚ್ಚಿತೆಂಬುದನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ.

ಪೋಷಕರಲ್ಲಿ ನನ್ನದೊಂದು ಬೇಡಿಕೆ. ರಾಸಾಯನಿಕ ಬಂದ ಕ್ಯಾನುಗಳನ್ನು ತೊಳೆದು ಕುಡಿಯುವ ನೀರಿಗೆ ಇಡಬೇಡಿ. ಪ್ಲಾಸ್ಟಿಕ್ಕು ತಾನು ಹೀರಿದ್ದನ್ನು ಒಂದೆರಡು ತೊಳೆತಕ್ಕೆ ಬಿಟ್ಟುಕೊಡುವುದಿಲ್ಲ. ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಆಸಿಡ್ ತುಂಬಿಡಬೇಡಿ. ಕಣ್ಣಿಗೆ ಏನಾದರೂ ಸಿಡಿದರೆ ಎಣ್ಣೆ, ಹಾಲು, ನಿಂಬೆರಸ ಯಾವುದೂ ಬೇಡ. ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು, ಆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸುಣ್ಣ, ಕಾಸ್ಟಿಕ್ ಸೋಡಗಳು ಆಮ್ಲಕ್ಕಿಂತಲೂ ಆಳಕ್ಕೆ ಇಳಿಯುತ್ತವೆ; ತಾಂಬೂಲದ ಸುಣ್ಣದ ಪೊಟ್ಟಣ ಕೂಡ ಮಗುವಿನ ಆಟದ ವಸ್ತುವಲ್ಲ.

ಹಳೆಯ ವಿದ್ಯಾರ್ಥಿಗಳು ಶತಮಾನೋತ್ಸವದ ಕೊಡುಗೆ ಏನಿರಲಿ ಎಂದು ಕೇಳಿದ್ದಾರೆ. ಸ್ವಾಗತ ಕಮಾನು ಬೇಡವೆನ್ನುವಷ್ಟು ಕಠಿಣಳು ನಾನಲ್ಲ. ಆದರೆ ಅದಕ್ಕಿಂತ ಮೊದಲು ಕಣ್ಣು ತೊಳೆಯುವ ನಲ್ಲಿಯೊಂದು, ನಲವತ್ತು ರಕ್ಷಣಾ ಕನ್ನಡಕಗಳು, ಹೊಗೆಯನ್ನು ಹೊರಕ್ಕೆ ಸೆಳೆಯುವ ಒಂದು ಫ್ಯಾನು, ಎರಡು ಬಕೆಟ್ ಒಣ ಮರಳು ನಮಗೆ ಬೇಕು. ಸಭೆ ಮುಗಿದ ಮೇಲೆ ಪ್ರಯೋಗಾಲಯ ತೆರೆದಿರುತ್ತದೆ. ಹತ್ತನೆಯ ತರಗತಿಯ ಮಕ್ಕಳು ಸೀಸೆಗಳ ಚೀಟಿಗಳನ್ನು ಮೂರು ಭಾಷೆಗಳಲ್ಲಿಯೂ ಓದಿ ಹೇಳಲು ಅಲ್ಲಿ ಕಾದಿದ್ದಾರೆ.