ವಿಜ್ಞಾನಕ್ಕೆ ಕೊಡುವ ಹಣ
(ಮುಖರ್ಜಿ ನಗರದಲ್ಲಿ ರಾಜ್ಯೋತ್ಸವದ ದಿನ ಮಾಡಿದ ಭಾಷಣ)



ನಾನು ವಿಜ್ಞಾನಿಯಲ್ಲ, ಬ್ಯಾಂಕಿನ ಗುಮಾಸ್ತ. ಹಣ ಬರುವುದನ್ನೂ ಬಾರದಿರುವುದನ್ನೂ ದಿನವೂ ನೋಡುವವನು. ನಮ್ಮ ಕಡೆಯ ಸಂಶೋಧನ ವಿದ್ಯಾರ್ಥಿಯೊಬ್ಬನಿಗೆ ಕಳೆದ ವರ್ಷ ಐದು ತಿಂಗಳು ಶಿಷ್ಯವೇತನ ಜಮೆಯಾಗಲಿಲ್ಲ. “ಬಂತೇ ಸಾರ್?” ಎಂದು ಕೇಳುವುದನ್ನೂ ಕಡೆಗೆ ಬಿಟ್ಟ, ಪಾಸ್‌ಬುಕ್ಕನ್ನು ಮುಂದಿಟ್ಟು ಸುಮ್ಮನೆ ನಿಲ್ಲುತ್ತಿದ್ದ. ಆಮೇಲೆ ಹಣ ಒಟ್ಟಿಗೆ ಬಂತು, ನಿಜ. ಅಷ್ಟರಲ್ಲಿ ತಂದೆ ಊರಿನಲ್ಲಿ ಮಾಡಿದ್ದ ಸಾಲಕ್ಕೆ ಬಡ್ಡಿ ಕೊಟ್ಟವರಾರು?

ನಮ್ಮ ಹಿರಿಯರು ಈ ಕಷ್ಟವನ್ನು ಮೊದಲೇ ಅರಿತಿದ್ದರು. ಜಮ್‌ಷೆಟ್‌ಜಿ ತಾತಾ ಅವರು ಸಂಕಲ್ಪಿಸಿ, 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ನೆಲವನ್ನೂ ಕಟ್ಟಡಗಳಿಗಾಗಿ 5 ಲಕ್ಷ ರೂಪಾಯಿಗಳನ್ನೂ ಕೊಟ್ಟಿತು. ಅಷ್ಟಕ್ಕೇ ನಿಲ್ಲದೆ, ವರ್ಷವರ್ಷವೂ 50,000 ರೂಪಾಯಿ ಕೊಡಲು ಒಪ್ಪಿತು. ಆ ಕೊನೆಯ ಮಾತೇ ದೊಡ್ಡದು.

ಯೂರೋಪಿನ ಒಕ್ಕೂಟವೂ ಇದೇ ದಾರಿ ಹಿಡಿದಿದೆ. 2021ರಿಂದ 2027ರವರೆಗೆ ಏಳು ವರ್ಷಗಳ ಸಂಶೋಧನೆಗೆಂದು ಸುಮಾರು 9,550 ಕೋಟಿ ಯೂರೋಗಳನ್ನು ಅದು ಮೊದಲೇ ಗೊತ್ತುಮಾಡಿತು. ನಮ್ಮಲ್ಲಿಯೂ 2023ರ ಕಾನೂನಿನಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಹುಟ್ಟಿದೆ. ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಯ ಅಂದಾಜು. ಅದರ ಹೆಚ್ಚಿನ ಪಾಲು ಸರ್ಕಾರದ ಹೊರಗಿನಿಂದ ಬರಬೇಕು. ಸಂತೋಷವೇ. ಆದರೆ ಘೋಷಿಸಿದ ಹಣ ಬೇರೆ, ಜಮೆಯಾದ ಹಣ ಬೇರೆ.

ಈ ಬಡಾವಣೆಯಲ್ಲಿ ಐ.ಎ.ಎಸ್. ಪರೀಕ್ಷೆಗೆ ಓದುತ್ತಿರುವ ನಮ್ಮ ಮಕ್ಕಳಿಗೆ ಒಂದೇ ವಿನಂತಿ. ನಾಳೆ ಇಂಥ ಹುಡುಗನ ಕಡತ ನಿಮ್ಮ ಮೇಜಿಗೆ ಬಂದೀತು. ಅಂದೇ ರುಜು ಮಾಡಿ ಕಳುಹಿಸಿರಪ್ಪ.