ನಾಯಕನನ್ನು ಕೆಡವುವುದು ಯಾವುದು?



ರುದ್ರನಾಟಕದ ನಾಯಕ ಎಂಥವನಾಗಿರಬೇಕು? ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯ 13ನೇ ಅಧ್ಯಾಯದಲ್ಲಿ ಇದಕ್ಕೆ ಉತ್ತರ ಕೊಡುತ್ತಾನೆ. ಪರಮ ಸಜ್ಜನ ಕೆಟ್ಟರೆ ಮನಸ್ಸು ಒಪ್ಪದು. ಕಡುಪಾಪಿ ಕೆಟ್ಟರೆ ಮರುಕ ಹುಟ್ಟದು. ಇವರಿಬ್ಬರ ನಡುವಿನವನು, ದೊಡ್ಡ ಹೆಸರುಳ್ಳವನು, ದುಷ್ಟತನದಿಂದಲ್ಲದೆ ಒಂದು ‘ಹಮಾರ್ತಿಯ’ದಿಂದ, ಅಂದರೆ ಭಾರಿ ಪ್ರಮಾದದಿಂದ ಬೀಳಬೇಕು. ನಾವೋ ನಾಯಕನಲ್ಲಿ ಅಹಂಕಾರವನ್ನೋ ಕೋಪವನ್ನೋ ಹುಡುಕಿ, ‘ಇದೇ ಅವನ ದೋಷ’ ಎಂದು ಸುಮ್ಮನಾಗುತ್ತೇವೆ. ಅಷ್ಟಕ್ಕೇ ನಿಂತರೆ ನಾಟಕದ ತಿರುಳು ಕೈತಪ್ಪುತ್ತದೆ.

ಅರಿಸ್ಟಾಟಲ್ ಮತ್ತೆ ಮತ್ತೆ ಎತ್ತಿಕೊಳ್ಳುವ ಸೊಫೊಕ್ಲಿಸನ ‘ದೊರೆ ಈಡಿಪಸ್’ ನೋಡಿ. ತಂದೆಯನ್ನು ಕೊಂದದ್ದು, ತಾಯಿಯನ್ನು ಮದುವೆಯಾದದ್ದು ನಾಟಕ ಶುರುವಾಗುವ ಮೊದಲೇ ಮುಗಿದುಹೋಗಿವೆ. ರಂಗದ ಮೇಲೆ ಅವನು ಮಾಡುವ ಕೆಲಸ ವಿಚಾರಣೆ. ಅವನಾಳುವ ಥೀಬ್ಸ್ ಪಿಡುಗಿನಿಂದ ನರಳುತ್ತಿದೆ. ಹಳೆಯ ದೊರೆ ಲೇಯಸನ ಕೊಲೆಗಾರ ಸಿಗದೆ ಊರು ಉಳಿಯದು. ಕುರುಡ ಕಣಿಗಾರ ಟೈರೀಸಿಯಸ್ ಬಾಯಿಬಿಡಲು ಹಿಂಜರಿಯುತ್ತಾನೆ. ಸತ್ಯ ಹೊಳೆದ ಹೆಂಡತಿ ಜೊಕಾಸ್ತ, ಇನ್ನು ಕೆದಕಬೇಡವೆಂದು ಅಂಗಲಾಚುತ್ತಾಳೆ. ಕೊನೆಗೆ ಮುದಿ ಕುರುಬ ಬರುತ್ತಾನೆ. ಕೊಲ್ಲಲೆಂದು ಕೊಟ್ಟ ಎಳೆಗೂಸು ಈಡಿಪಸನನ್ನು ಕನಿಕರಪಟ್ಟು ಕೊರಿಂಥದವನ ಕೈಗಿತ್ತವನು ಅವನೇ. ಅವನೂ ಹೇಳಲೊಲ್ಲ. ಅವನ ಕೈಗಳನ್ನು ಹಿಂದಕ್ಕೆ ತಿರುಚಿ ಎಂದು ಈಡಿಪಸ್ ಆಳುಗಳಿಗೆ ಅಪ್ಪಣೆ ಮಾಡುತ್ತಾನೆ. ಬರಲಿರುವ ಮಾತು ಎಷ್ಟು ಘೋರವೆಂದು ಆ ಹೊತ್ತಿಗೆ ಅವನಿಗೂ ಗೊತ್ತು. ಆದರೂ ಕೇಳಿಯೇ ತೀರುತ್ತಾನೆ.

ಮೂರು ದಾರಿ ಕೂಡುವಲ್ಲಿ ಅವನ ಸಿಟ್ಟು ತಂದೆ ಲೇಯಸನ ಕೊಲೆ ಮಾಡಿಸಿತ್ತು, ನಿಜ. ಜೊಕಾಸ್ತಳ ಸೋದರ ಕ್ರಿಯಾನನ ಮೇಲೆ ವೃಥಾ ಸಂಶಯಪಟ್ಟದ್ದೂ ನಿಜ. ಆದರೆ ಬಯಲಿಗೆ ತಂದು ಕೆಡವಿದ್ದು ತಿಳಿಯಲೇಬೇಕೆಂಬ ಹಟ. ರಾಕ್ಷಸಿ ಸ್ಫಿಂಕ್ಸಳ ಒಗಟು ಬಿಡಿಸಿ ಊರನ್ನು ಕಾಯ್ದ ಬುದ್ಧಿಯೂ ಅದರದೇ ಇನ್ನೊಂದು ಮುಖ. ಆ ಹಟವನ್ನು ಬಿಟ್ಟಿದ್ದರೆ ಈಡಿಪಸ್ ಉಳಿಯುತ್ತಿದ್ದ, ಊರು ಸಾಯುತ್ತಿತ್ತು.

ಸೊಫೊಕ್ಲಿಸನ ‘ಏಜಾಕ್ಸ್’ನಲ್ಲೂ ಹೀಗೆಯೇ. ಟ್ರಾಯ್ ರಣರಂಗದಲ್ಲಿ ಏಜಾಕ್ಸನನ್ನು ಎತ್ತಿ ನಿಲ್ಲಿಸಿದ ಮಾನದ ಹಂಬಲವೇ, ಅಕಿಲೀಸನ ಆಯುಧಗಳು ಒಡಿಸ್ಯೂಸನ ಪಾಲಾದ ಮೇಲೆ ಅವನನ್ನು ಕತ್ತಿಯ ಮೇಲೆ ಬೀಳುವವರೆಗೆ ಕೊಂಡೊಯ್ಯುತ್ತದೆ. ಬಿ.ಎಂ.ಶ್ರೀ. 1929ರಲ್ಲಿ ಈ ನಾಟಕವನ್ನೇ ‘ಅಶ್ವತ್ಥಾಮನ್’ ಆಗಿಸಿ ಮಹಾಭಾರತಕ್ಕೆ ಒಗ್ಗಿಸಿದರು. ಪತನದ ಬೀಜ ಹಿರಿಮೆಯೊಳಗೇ ಇರುತ್ತದೆಂಬುದನ್ನು ಕನ್ನಡದ ಓದುಗರು ಅಲ್ಲಿಯೂ ಕಾಣಬಹುದು.

ಮತ್ತೆ ಈಡಿಪಸನತ್ತ ಬರೋಣ. ಲೇಯಸನ ಕೊಲೆಗಾರನಿಗೆ ಬಹಿಷ್ಕಾರ ಸಾರಿದವನು ಅವನೇ. ಕಣ್ಣು ಚುಚ್ಚಿಕೊಂಡ ಮೇಲೂ ಅವನು ಆ ಮಾತಿನಿಂದ ಜಾರಿಕೊಳ್ಳುವುದಿಲ್ಲ. ತನ್ನನ್ನು ಊರಾಚೆ ಅಟ್ಟಬೇಕೆಂದು ಕ್ರಿಯಾನನನ್ನು ಬೇಡುತ್ತಾನೆ. ಅವನು ಬಿದ್ದದ್ದನ್ನು ಕಂಡೂ ಅವನ ಮೇಲಿನ ಗೌರವ ನಮ್ಮಲ್ಲಿ ಹೆಚ್ಚುವುದು ಇದರಿಂದಲೇ.